ಹಿಡಿದ ಮೀನನ್ನು ಆಹಾರವಿಲ್ಲದೆ ಜೀವಂತವಾಗಿ ಇರಿಸಿಕೊಳ್ಳುವುದು: ಮಾಂಸದ ಗುಣಮಟ್ಟ ಕಾಯುವವರಿಗೆ ಸಮಗ್ರ ಮಾರ್ಗದರ್ಶಿ

ತಣ್ಣನೆಯ ಕಡಲಿನ ಬಿಳಿ ಮಾಂಸದ ಮೀನಾದ ಕಾಡ್‌ನ, ಒಂದೇ ಗಾತ್ರದ ಮೂರು ಮೀನುಗಳ ಹೋಳುಗಳನ್ನು ಬಿಳಿ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಈ ವಿಷಯದ ಅರ್ಧ ಭಾಗ ಕಣ್ಣಿಗೇ ತಿಳಿಯುತ್ತದೆ. ಮೊದಲನೆಯದು ಬಲೆ ಮೇಲಕ್ಕೆ ಬಂದ ಕೂಡಲೇ ಕೊಂದ ಮೀನಿನದು. ಅದರ ಮಾಂಸಕ್ಕೆ ಕೆಂಪು ಛಾಯೆಯಿದೆ, ಹೊಟ್ಟೆಯ ಭಾಗದ ಸಣ್ಣ ರಕ್ತನಾಳಗಳು ಎಳೆ ಎಳೆಯಾಗಿ ಎದ್ದು ಕಾಣುತ್ತವೆ. ಎರಡನೆಯದು ಒಂದು ದಿನ ತೊಟ್ಟಿಯಲ್ಲಿ ವಿಶ್ರಾಂತಿ ಪಡೆದ ಮೀನಿನದು. ಅದು ಬೆಳ್ಳಗಿದೆ, ಬೆರಳಿನಿಂದ ಒತ್ತಿ ಬಿಟ್ಟರೆ ಮತ್ತೆ ಮೇಲಕ್ಕೇಳುತ್ತದೆ. ಮೂರನೆಯದು ವಾರಗಟ್ಟಲೆ ಏನನ್ನೂ ತಿನ್ನದೆ ಪಂಜರದಲ್ಲಿದ್ದ ಮೀನಿನದು. ಅದರಲ್ಲಿಯೂ ರಕ್ತದ ಕಲೆಯಿಲ್ಲ, ಆದರೆ ಅಂಚಿನಲ್ಲಿ ಬೆಳಕು ಹಾಯ್ದು ಹೋಗುವಷ್ಟು ತೆಳು ಪಾರದರ್ಶಕತೆ ಬಂದಿದೆ, ಒತ್ತಿದ ಬೆರಳಿನ ಗುರುತು ಹಾಗೆಯೇ ಉಳಿಯುತ್ತದೆ.

ಎರಡನೆಯ ಮತ್ತು ಮೂರನೆಯ ಮೀನುಗಳಿಗೆ ನಾವು ಮಾಡಿದ್ದು ಒಂದೇ ಕೆಲಸ: ಆಹಾರ ಕೊಡದೆ ಜೀವಂತವಾಗಿ ಇರಿಸಿಕೊಂಡದ್ದು. ಅವೆರಡನ್ನು ಬೇರೆ ಮಾಡಿದ್ದು ಕಾಲ ಮಾತ್ರ. ಆದ್ದರಿಂದ ‘ಉಪವಾಸ ಇರಿಸಿದರೆ ಮೀನಿನ ಗುಣಮಟ್ಟ ಹೆಚ್ಚುತ್ತದೆಯೇ, ಕೆಡುತ್ತದೆಯೇ’ ಎಂದು ಕೇಳುವುದಕ್ಕಿಂತ ‘ಎಷ್ಟು ಕಾಲ, ಎಷ್ಟು ತಂಪಿನಲ್ಲಿ, ಯಾವ ಜಾತಿಯನ್ನು’ ಎಂದು ಕೇಳುವುದು ಸರಿ. ಮುಂದಿನ ಹಂತಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಮೀನನ್ನು ಯಾತಕ್ಕಾಗಿ ಇರಿಸುತ್ತಿದ್ದೀರಿ ಎಂಬುದನ್ನು ಬಲೆ ಹಾಕುವ ಮೊದಲೇ ತೀರ್ಮಾನಿಸಿ

ಹಿಡಿದ ಮೀನನ್ನು ಕೂಡಲೇ ಕೊಲ್ಲದೆ ಇರಿಸಿಕೊಳ್ಳಲು ಮುಖ್ಯವಾಗಿ ಮೂರು ಕಾರಣಗಳಿವೆ. ಒಂದು, ದಣಿವು ಆರಲಿ ಎಂಬುದು. ಇದು ಗಂಟೆಗಳ ಲೆಕ್ಕದ ಕೆಲಸ, ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ. ಎರಡು, ಹೊಟ್ಟೆ ಮತ್ತು ಕರುಳು ಖಾಲಿಯಾಗಲಿ ಎಂಬುದು. ಇದು ದಿನಗಳ ಲೆಕ್ಕ. ಮೂರು, ಒಮ್ಮೆಗೇ ರಾಶಿಯಾಗಿ ಬಂದ ಮೀನನ್ನು ಮಾರುಕಟ್ಟೆಗೆ ಬೇಕಾದಂತೆ ಸ್ವಲ್ಪ ಸ್ವಲ್ಪವಾಗಿ ಕಳುಹಿಸಬೇಕೆಂಬುದು. ಇದು ವಾರಗಳ ಲೆಕ್ಕ. ಮೊದಲ ಎರಡರಲ್ಲಿ ಉಪವಾಸದಿಂದ ಮಾಂಸಕ್ಕೆ ಲಾಭವಿದೆ. ಮೂರನೆಯದರಲ್ಲಿ ಲಾಭವೆಲ್ಲ ವ್ಯಾಪಾರದ್ದು, ಮಾಂಸಕ್ಕೆ ಸಿಗುವುದು ನಷ್ಟವೇ, ಮತ್ತು ಆ ನಷ್ಟವನ್ನು ಎಷ್ಟರ ಮಟ್ಟಿಗೆ ತಡೆಯಬಲ್ಲಿರಿ ಎಂಬುದಷ್ಟೇ ಕೌಶಲ. ಈ ಮೂರು ಉದ್ದೇಶಗಳನ್ನು ಒಂದರೊಳಗೊಂದು ಕಲಸಿಕೊಂಡು, ಒಂದು ದಿನದ ವಿಶ್ರಾಂತಿ ಒಳ್ಳೆಯದಾದರೆ ಹತ್ತು ದಿನದ್ದು ಇನ್ನೂ ಒಳ್ಳೆಯದಿರಬೇಕು ಎಂದು ಭಾವಿಸುವುದೇ ಈ ಕೆಲಸದಲ್ಲಿ ಮೊದಲು ಆಗುವ ತಪ್ಪು.

ಜಾತಿಯನ್ನೂ ಈಗಲೇ ಗಮನಿಸಿ. ಕಾಡ್‌ನಂಥ ಮೀನು ತನ್ನ ಕೊಬ್ಬನ್ನು ಯಕೃತ್ತಿನಲ್ಲಿ ಕೂಡಿಟ್ಟಿರುತ್ತದೆ, ಅದರ ಬಿಳಿ ಮಾಂಸದಲ್ಲಿ ಕೊಬ್ಬು ಅತ್ಯಲ್ಪ. ಬಂಗುಡೆ, ಹೆರಿಂಗ್, ಸಾಲ್ಮನ್‌ಗಳ ಕೊಬ್ಬು ಮಾಂಸದಲ್ಲಿಯೇ ಹರಡಿಕೊಂಡಿರುತ್ತದೆ. ಮೊದಲ ಬಗೆಯ ಮೀನು ಹಸಿದಾಗ ಯಕೃತ್ತು ಕರಗುತ್ತದೆ, ಹೋಳಿನಲ್ಲಿ ಬಹುಕಾಲ ಬದಲಾವಣೆ ಕಾಣುವುದಿಲ್ಲ. ಎರಡನೆಯ ಬಗೆಯದು ಹಸಿದಾಗ ಗಿರಾಕಿ ದುಡ್ಡು ಕೊಡುವ ಆ ಕೊಬ್ಬೇ ಖರ್ಚಾಗುತ್ತದೆ. ಹೀಗಾಗಿ ಒಂದು ಜಾತಿಗೆ ಸರಿಹೋದ ಅವಧಿಯನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಬಾರದು.

ಹಂತ 2: ಬದುಕುವ ಮೀನನ್ನು ಮಾತ್ರ ಆರಿಸಿಕೊಳ್ಳಿ

ಹಿಡಿಯುವ ವಿಧಾನವೇ ಅರ್ಧ ಫಲಿತಾಂಶವನ್ನು ನಿರ್ಧರಿಸುತ್ತದೆ. ಬೋನಿನಲ್ಲಿ ಸಿಕ್ಕ ಮೀನು ಸಾಮಾನ್ಯವಾಗಿ ಗಾಯವಿಲ್ಲದೆ, ಹೆಚ್ಚು ದಣಿಯದೆ ಬರುತ್ತದೆ. ಸುತ್ತುಬಲೆಯಲ್ಲಿ ಬಂದದ್ದನ್ನು ನಿಧಾನವಾಗಿ ಎಳೆದರೆ ಕೆಲಸಕ್ಕೆ ಬರುತ್ತದೆ. ದೀರ್ಘಕಾಲ ಎಳೆದ ಟ್ರಾಲ್ ಬಲೆಯ ತುದಿಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಬಂದ ಮೀನು ಅಥವಾ ಗಿಲ್‌ನೆಟ್‌ನಲ್ಲಿ ಕಿವಿರು ಸಿಕ್ಕಿಕೊಂಡು ಗಂಟೆಗಟ್ಟಲೆ ತೂಗಿದ ಮೀನು ಜೀವಂತವಾಗಿದ್ದರೂ ಇರಿಸಿಕೊಳ್ಳಲು ಯೋಗ್ಯವಲ್ಲ. ಅದನ್ನು ಅಲ್ಲಿಯೇ ಕೊಂದು, ರಕ್ತ ಬಸಿದು, ಮಂಜುಗಡ್ಡೆಗೆ ಹಾಕುವುದು ಮೇಲು.

ಆಳದಿಂದ ಮೇಲಕ್ಕೆ ತರುವ ವೇಗದ ಬಗ್ಗೆ ವಿಶೇಷ ಎಚ್ಚರ ಬೇಕು. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. 90 ಮೀಟರ್ ಆಳದಲ್ಲಿ 10 ವಾಯುಮಂಡಲದ ಒತ್ತಡದಲ್ಲಿದ್ದ ಮೀನಿನ ಈಜುಚೀಲದ (ತೇಲಲು ನೆರವಾಗುವ, ದೇಹದೊಳಗಿನ ಗಾಳಿಚೀಲ) ಗಾಳಿ ಮೇಲ್ಮೈಗೆ ಬರುವಾಗ ಹತ್ತರಷ್ಟು ಜಾಗ ಬೇಡುತ್ತದೆ. ಕಾಡ್ ಮೀನಿನ ಈಜುಚೀಲಕ್ಕೆ ಬಾಯಿಯ ಕಡೆಗೆ ನಾಳವಿಲ್ಲ, ಆದ್ದರಿಂದ ಒತ್ತಡ ಮೊದಲಿನ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುವಷ್ಟರಲ್ಲಿ ಅದು ಬಿರಿದು, ಗಾಳಿ ದೇಹದಿಂದ ಹೊರಬರುತ್ತದೆ. ಕೇಳಲು ಭಯಂಕರವಾದರೂ ಈ ಬಿರಿತ ಕಾಡ್‌ಗೆ ಸಾಮಾನ್ಯವಾಗಿ ಪ್ರಾಣಾಂತಿಕವಲ್ಲ, ಕೆಲವೇ ದಿನಗಳಲ್ಲಿ ಸೀಳು ಮುಚ್ಚಿಕೊಳ್ಳುತ್ತದೆ. ಆದರೆ ಗಾಳಿ ಕಳೆದುಕೊಂಡ ಮೀನು ತೇಲಲಾರದೆ ತಳಕ್ಕೆ ಹೋಗಿ ಮಲಗುತ್ತದೆ. ಜೋಳಿಗೆಯಂತೆ ಕೆಳಗೆ ಚೂಪಾದ ಪಂಜರದಲ್ಲಿ ಬಿಟ್ಟರೆ ಎಲ್ಲ ಮೀನುಗಳೂ ಒಂದೇ ಕಡೆ ಜಾರಿ, ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ಇದೇ ಕಾರಣಕ್ಕೆ ಮೊದಲ ದಿನಗಳ ತೊಟ್ಟಿ ಅಥವಾ ಪಂಜರಕ್ಕೆ ಬಿಗಿಯಾದ ಸಮತಟ್ಟು ತಳ ಇರಲೇಬೇಕು, ತೊಟ್ಟಿಯಾದರೆ ನೀರು ತಳದಿಂದ ಮೇಲಕ್ಕೆ ಹರಿಯಬೇಕು. ಈಜುಚೀಲ ಬಿರಿಯದೆ ಉಬ್ಬಿಕೊಂಡು, ಕಣ್ಣು ಹೊರಚಾಚಿ ಅಥವಾ ಜಠರ ಬಾಯಿಗೆ ಬಂದು ಮೇಲ್ಮೈಯಲ್ಲಿ ಮಗುಚಿ ತೇಲುವ ಮೀನನ್ನು ಇರಿಸಿಕೊಳ್ಳಬೇಡಿ.

ಆರಿಸುವಾಗ ನೋಡಬೇಕಾದದ್ದು ಇಷ್ಟು: ಮೀನು ತಾನಾಗಿ ನೆಟ್ಟಗೆ ನಿಲ್ಲುತ್ತದೆಯೇ, ಕಿವಿರಿನ ಮುಚ್ಚಳ ಲಯಬದ್ಧವಾಗಿ ಆಡುತ್ತಿದೆಯೇ, ಬಾಲದ ಬುಡ ಮುಟ್ಟಿದರೆ ಪ್ರತಿಕ್ರಿಯಿಸುತ್ತದೆಯೇ, ಹುರುಪೆ ಉದುರಿದ ಅಥವಾ ಲೋಳೆ ಸವೆದ ಜಾಗ ಎಷ್ಟಿದೆ. ಕೊನೆಯದನ್ನು ಅನೇಕರು ಕಡೆಗಣಿಸುತ್ತಾರೆ. ಲೋಳೆ ಮತ್ತು ಹುರುಪೆ ಮೀನಿನ ದೇಹದ ಉಪ್ಪು-ನೀರಿನ ಸಮತೋಲವನ್ನು ಕಾಯುವ ಗೋಡೆ. ಅದು ಒಡೆದಾಗ ಸಮುದ್ರದ ಮೀನು ನೀರು ಕಳೆದುಕೊಳ್ಳುತ್ತದೆ, ಸಿಹಿನೀರಿನ ಮೀನಿನ ದೇಹಕ್ಕೆ ನೀರು ನುಗ್ಗುತ್ತದೆ, ಎರಡು ಕಡೆಯೂ ರೋಗಾಣುಗಳಿಗೆ ದಾರಿ ತೆರೆಯುತ್ತದೆ. ಆಹಾರವಿಲ್ಲದ ಮೀನು ಗಾಯವನ್ನು ಮಾಯಿಸಿಕೊಳ್ಳುವುದೂ ನಿಧಾನ. ಮೀನನ್ನು ಎತ್ತಲು ಗಂಟಿಲ್ಲದ ಮೆತ್ತನೆಯ ಬಲೆಯನ್ನು, ಸಾಧ್ಯವಾದರೆ ನೀರಿನೊಂದಿಗೇ ಎತ್ತುವ ಚೀಲವನ್ನು ಬಳಸಿ.

ಹಂತ 3: ಮೊದಲ 24 ಗಂಟೆ ಏನನ್ನೂ ಮಾಡದಿರುವುದನ್ನು ಕಲಿಯಿರಿ

ಬಲೆಯಲ್ಲಿ ಒದ್ದಾಡುವ ಮೀನು ತನ್ನ ಬಿಳಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಅನ್ನು ಆಮ್ಲಜನಕದ ನೆರವಿಲ್ಲದೆ ಉರಿಸುತ್ತದೆ. ಅದರಿಂದ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು, ಜೀವಂತ ಸ್ನಾಯುವಿನಲ್ಲಿ 7ಕ್ಕಿಂತ ಮೇಲಿರಬೇಕಾದ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಕುಸಿಯುತ್ತದೆ. ರಕ್ತ ಈಜುವ ಸ್ನಾಯುಗಳ ಕಡೆಗೆ ನುಗ್ಗುತ್ತದೆ. ಈ ಸ್ಥಿತಿಯಲ್ಲಿಯೇ ಕೊಂದರೆ ಎರಡು ಕೆಡುಕುಗಳು ಒಟ್ಟಿಗೆ ಬರುತ್ತವೆ. ಮಾಂಸದಲ್ಲಿ ಹರಡಿದ ರಕ್ತ ಕತ್ತು ಕೊಯ್ದರೂ ಪೂರ್ತಿ ಹೊರಬರುವುದಿಲ್ಲ. ಶಕ್ತಿಯ ದಾಸ್ತಾನು ಆಗಲೇ ಬರಿದಾಗಿರುವುದರಿಂದ ಸತ್ತ ಮೇಲಿನ ಸೆಡೆತ, ಅಂದರೆ ದೇಹ ಮರಗಟ್ಟುವುದು, ಕೆಲವೇ ಗಂಟೆಗಳಲ್ಲಿ ಬಲವಾಗಿ ಬಂದುಬಿಡುತ್ತದೆ. ಹಾಗೆ ಸೆಡೆತ ಬಂದ ಸ್ನಾಯುವಿನ ಪದರಗಳ ನಡುವಿನ ತೆಳು ಪೊರೆ ಹರಿದು, ಹೋಳಿನಲ್ಲಿ ಬಿರುಕುಗಳು ಬಾಯಿ ಬಿಡುತ್ತವೆ.

ವಿಶ್ರಾಂತಿ ಇದನ್ನೆಲ್ಲ ಹಿಂದಕ್ಕೆ ತಿರುಗಿಸುತ್ತದೆ, ಅದೂ ಒಂದು ತುತ್ತು ಆಹಾರವಿಲ್ಲದೆ. ಮೀನಿನ ಬಿಳಿ ಸ್ನಾಯುವಿನಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲದ ಬಹುಭಾಗ ರಕ್ತಕ್ಕೆ ಹೋಗದೆ ಅಲ್ಲಿಯೇ ಉಳಿದು, ಅಲ್ಲಿಯೇ ಮತ್ತೆ ಗ್ಲೈಕೋಜೆನ್ ಆಗಿ ಕಟ್ಟಲ್ಪಡುತ್ತದೆ. ಕಚ್ಚಾವಸ್ತು ದೇಹದೊಳಗೇ ಇದೆ, ಬೇಕಾದದ್ದು ಆಮ್ಲಜನಕ ಮತ್ತು ಸಮಯ. ಇದು ನಿಧಾನದ ಕೆಲಸ. ಒಂದೆರಡು ಗಂಟೆಯಲ್ಲಿ ಮೀನು ನೆಟ್ಟಗೆ ಈಜತೊಡಗಿದ ಮಾತ್ರಕ್ಕೆ ಸ್ನಾಯು ಚೇತರಿಸಿಕೊಂಡಿತು ಎಂದಲ್ಲ. ರಕ್ತದ ಗ್ಲೂಕೋಸ್, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್, ಸ್ನಾಯುವಿನ ಪಿಎಚ್ ಎಲ್ಲವೂ ಸಹಜ ಸ್ಥಿತಿಗೆ ಹತ್ತಿರವಾಗಲು ಅರ್ಧ ದಿನದಿಂದ ಇಡೀ ದಿನ ಬೇಕಾಗುತ್ತದೆ. ಆರು ಗಂಟೆಗೆ ಮುಗಿಸುವ ಆತುರಕ್ಕಿಂತ 24 ಗಂಟೆ ಕಾಯುವುದು ನನ್ನ ದೃಷ್ಟಿಯಲ್ಲಿ ಯಾವಾಗಲೂ ಲಾಭದಾಯಕ.

ಈ ಅವಧಿಯಲ್ಲಿ ತೊಟ್ಟಿಯ ಮೇಲೆ ಹೊದಿಕೆ ಹಾಕಿ ಬೆಳಕು ಕಡಿಮೆ ಮಾಡಿ. ಸತ್ತ ಮತ್ತು ಸಾಯುತ್ತಿರುವ ಮೀನುಗಳನ್ನು ತೆಗೆಯುವುದನ್ನು ಬಿಟ್ಟರೆ ಕೈಹಾಕಬೇಡಿ. ದಣಿದ ಮೀನುಗಳ ಆಮ್ಲಜನಕದ ಬೇಡಿಕೆ ಮೊದಲ ಗಂಟೆಗಳಲ್ಲಿಯೇ ಅತಿ ಹೆಚ್ಚು, ಆದ್ದರಿಂದ ಮೀನು ಬಿದ್ದ ಮೇಲೆ ನೀರು ಹರಿಸುವುದಲ್ಲ, ಮೀನು ಬೀಳುವ ಮೊದಲೇ ಪಂಪ್ ಪೂರ್ಣವಾಗಿ ಓಡುತ್ತಿರಬೇಕು. ಇನ್ನೊಂದು ಮಾತು: ಆಳದಿಂದ ಬಂದ, ಹೊಟ್ಟೆ ತುಂಬಿದ ಮೀನುಗಳು ತಿಂದದ್ದನ್ನು ಕಕ್ಕುತ್ತವೆ. ಆ ಅರೆ ಜೀರ್ಣವಾದ ಸಣ್ಣ ಮೀನು, ಸೀಗಡಿಗಳೆಲ್ಲ ತಳದಲ್ಲಿ ಕೊಳೆತು, ಬಸಿಯುವ ಜಾಲರಿಯನ್ನು ಕಟ್ಟಿ, ನೀರಿನ ಹರಿವನ್ನೇ ನಿಲ್ಲಿಸಬಲ್ಲವು. ಮೊದಲ ರಾತ್ರಿ ಹೊರಹರಿವಿನ ಜಾಲರಿಯನ್ನು ಗಂಟೆಗೊಮ್ಮೆ ನೋಡಲು ಒಬ್ಬರನ್ನು ನೇಮಿಸಿ.

ಹಂತ 4: ಕರುಳು ಖಾಲಿಯಾಗುವವರೆಗೆ ಕಾಯಿರಿ, ಆದರೆ ಕ್ಯಾಲೆಂಡರ್ ನೋಡಿ ಅಲ್ಲ

ತುಂಬಿದ ಹೊಟ್ಟೆಯ ಮೀನು ಬೇಗ ಕೆಡುತ್ತದೆ ಎಂಬುದಕ್ಕೆ ಹೆರಿಂಗ್, ಸ್ಪ್ರಾಟ್, ಭೂತಾಯಿಗಳಿಗಿಂತ ಸ್ಪಷ್ಟ ಉದಾಹರಣೆ ಬೇಡ. ತೀವ್ರವಾಗಿ ಮೇಯುವ ಕಾಲದಲ್ಲಿ ಈ ಮೀನುಗಳ ಜೀರ್ಣರಸ ಅತ್ಯಂತ ಪ್ರಬಲವಾಗಿರುತ್ತದೆ. ಮೀನು ಸತ್ತ ಮೇಲೆ ಆ ರಸ ಊಟವನ್ನಷ್ಟೇ ಅಲ್ಲ, ಹೊಟ್ಟೆಯ ಗೋಡೆಯನ್ನೂ ಜೀರ್ಣಿಸಿ, ಮಂಜುಗಡ್ಡೆಯಲ್ಲಿದ್ದರೂ ಹೊಟ್ಟೆ ಒಡೆಯುವಂತೆ ಮಾಡುತ್ತದೆ. ಇದನ್ನು ತಪ್ಪಿಸಲೆಂದೇ ನಾರ್ವೆಯ ಮೀನುಗಾರರು ಹಿಡಿದ ಹೆರಿಂಗ್, ಸ್ಪ್ರಾಟ್‌ಗಳನ್ನು ಬಲೆಯೊಳಗೇ, ಶಾಂತವಾದ ನೀರಿನಲ್ಲಿ, ಕೆಲವು ದಿನ ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಜಪಾನಿನಲ್ಲಿ ಮೀನನ್ನು ಕೊಲ್ಲುವ ಮೊದಲು ಆಹಾರವಿಲ್ಲದೆ ತೊಟ್ಟಿಯಲ್ಲಿ ಇರಿಸಿ ದಣಿವು ಆರಿಸುವ, ಹೊಟ್ಟೆ ಖಾಲಿ ಮಾಡಿಸುವ ಕ್ರಮಕ್ಕೆ ‘ಇಕೆಕೋಶಿ’ ಎಂಬ ಹೆಸರೇ ಇದೆ.

ಎಷ್ಟು ದಿನ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮೀನು ತಣ್ಣೆತ್ತರದ ಪ್ರಾಣಿ. ನೀರಿನ ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಅದರ ದೇಹದ ಚಟುವಟಿಕೆ ಸುಮಾರಾಗಿ ಎರಡು ಪಟ್ಟಾಗುತ್ತದೆ, ಜೀರ್ಣಕ್ರಿಯೆಯೂ ಹಾಗೆಯೇ. ಸಣ್ಣ ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ತಿಂದ ಮೀನಿನ ಹೊಟ್ಟೆ ಎರಡು ಮೂರು ದಿನದಲ್ಲಿ ಬರಿದಾಗಬಹುದು. 4 ಡಿಗ್ರಿಯ ನೀರಿನಲ್ಲಿ ಇಡಿಯ ಮೀನನ್ನೇ ನುಂಗಿದ ದೊಡ್ಡ ಕಾಡ್‌ಗೆ ಒಂದು ವಾರವೂ ಸಾಲದಿರಬಹುದು. ಆದ್ದರಿಂದ ದಿನ ಎಣಿಸುವ ಬದಲು ಪ್ರತಿದಿನ ಐದಾರು ಮೀನುಗಳನ್ನು ಕೊಯ್ದು ನೋಡಿ. ಮೊದಲು ಜಠರ, ನಂತರ ಕರುಳಿನ ಹಿಂಭಾಗ. ಜಠರ ಸುಕ್ಕುಗಟ್ಟಿ ಖಾಲಿಯಾಗಿ, ಕರುಳಿನಲ್ಲಿ ಹಳದಿ ಅಥವಾ ಹಸಿರು ಲೋಳೆ ಮಾತ್ರ ಉಳಿದಿದ್ದರೆ ಕೆಲಸ ಮುಗಿಯಿತು. ಪಿತ್ತಕೋಶವೂ ಒಂದು ಸುಳಿವು ಕೊಡುತ್ತದೆ: ಊಟ ಮಾಡುತ್ತಿರುವ ಮೀನಿನಲ್ಲಿ ಅದು ಚಿಕ್ಕದು, ಹಸಿದ ಮೀನಿನಲ್ಲಿ ಪಿತ್ತರಸ ಖರ್ಚಾಗದೆ ತುಂಬಿ ಗಾಢ ಹಸಿರಾಗಿ ಉಬ್ಬಿರುತ್ತದೆ. ಅಂಥ ಮೀನನ್ನು ಸ್ವಚ್ಛಗೊಳಿಸುವಾಗ ಕತ್ತಿ ತಾಗಿ ಪಿತ್ತಕೋಶ ಒಡೆದರೆ ಹೊಟ್ಟೆಯ ಮಾಂಸ ಕಹಿಯಾಗಿ, ಹಸಿರು ಕಲೆ ಹತ್ತುತ್ತದೆ ಎಂಬುದನ್ನು ಕೊಯ್ಯುವವರಿಗೆ ಮೊದಲೇ ಹೇಳಿಡಿ.

ಕೆರೆ, ಕೊಳ, ನಿಧಾನವಾಗಿ ಹರಿಯುವ ಹೊಳೆಯ ಮೀನಿನಲ್ಲಿರುವ ಮಣ್ಣಿನ ವಾಸನೆಗೂ ಇದೇ ಹಂತದಲ್ಲಿ ಪರಿಹಾರವಿದೆ. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ಸಂಯುಕ್ತ. ಕೆಲವು ನೀಲಿಹಸಿರು ಪಾಚಿಗಳು ಮತ್ತು ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ, ಮೀನು ಕಿವಿರುಗಳ ಮೂಲಕ ಹೀರಿಕೊಂಡು ಕೊಬ್ಬಿನಲ್ಲಿ ಇರಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ಹೊರಹಾಕುವುದು ಹಸಿವಲ್ಲ, ಶುದ್ಧವಾದ ಹರಿಯುವ ನೀರು. ಪಾಚಿ ಕಟ್ಟಿದ ತೊಟ್ಟಿಯಲ್ಲಿ ಮೀನನ್ನು ತಿಂಗಳು ಉಪವಾಸ ಕೆಡವಿದರೂ ವಾಸನೆ ಹೋಗುವುದಿಲ್ಲ. ಕೊಬ್ಬು ಕಡಿಮೆಯಿರುವ ಮೀನಿನಿಂದ ಬೇಗ, ಕೊಬ್ಬಿದ ಮೀನಿನಿಂದ ತಡವಾಗಿ ಇದು ಹೊರಹೋಗುತ್ತದೆ. ಒಂದು ತುಂಡನ್ನು ಉಪ್ಪು ಖಾರ ಏನೂ ಹಾಕದೆ ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ, ಮುಚ್ಚಳ ತೆಗೆದ ಕ್ಷಣದ ಆವಿಯನ್ನು ಮೂಸಿ ನೋಡುವುದೇ ಇದಕ್ಕಿರುವ ನಂಬಿಕಸ್ಥ ಪರೀಕ್ಷೆ.

ಹಂತ 5: ನೀರು

ಇಲ್ಲಿ ಹೇಳಬೇಕಾದದ್ದು ಕಡಿಮೆ, ಪಾಲಿಸಬೇಕಾದದ್ದು ಹೆಚ್ಚು. 10 ಡಿಗ್ರಿಯ ಸಿಹಿನೀರು ಒಂದು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯದು ಸುಮಾರು 7.5 ಮಾತ್ರ. ಸಮುದ್ರದ ನೀರಿನಲ್ಲಿ ಈ ಪ್ರಮಾಣ ಇನ್ನೂ ಐದನೇ ಒಂದು ಭಾಗದಷ್ಟು ಕಡಿಮೆ. ಅಂದರೆ ಬಿಸಿ ನೀರಿನಲ್ಲಿ ಮೀನಿಗೆ ಬೇಕಾದದ್ದು ಹೆಚ್ಚು, ನೀರಿನಲ್ಲಿರುವುದು ಕಡಿಮೆ. ತಂಪಾದ ನೀರು ಆಮ್ಲಜನಕವನ್ನು ಉಳಿಸುವುದಲ್ಲದೆ ಮೀನಿನ ದೇಹದ ದಾಸ್ತಾನು ಕರಗುವ ವೇಗವನ್ನೂ ಇಳಿಸುತ್ತದೆ. ಆದ್ದರಿಂದ ಉಪವಾಸದ ಅವಧಿಯನ್ನು ದಿನಗಳಲ್ಲಿ ಬರೆಯದೆ, ಪ್ರತಿದಿನದ ಸರಾಸರಿ ಉಷ್ಣತೆಯನ್ನು ಕೂಡಿಸುತ್ತಾ ಹೋಗಿ: 5 ಡಿಗ್ರಿಯಲ್ಲಿ 20 ದಿನ ಇದ್ದ ಮೀನಿನ ಲೆಕ್ಕ 100, 15 ಡಿಗ್ರಿಯಲ್ಲಿ ಏಳು ದಿನದೊಳಗೇ ಅದೇ 100 ಬರುತ್ತದೆ. ಈ ಲೆಕ್ಕ ಕರಾರುವಾಕ್ಕಲ್ಲ, ಆದರೆ ಬೇಸಿಗೆಯ ತಂಡವನ್ನು ಚಳಿಗಾಲದ ತಂಡದೊಂದಿಗೆ ಹೋಲಿಸಲು ಸಾಕಾಗುತ್ತದೆ. ಆಹಾರವಿಲ್ಲದ ಮೀನು ಅಮೋನಿಯಾ ಹೊರಹಾಕುವುದೂ ಕಡಿಮೆ, ಇದು ಉಪವಾಸದ ಒಂದು ಅನುಕೂಲ. ಆದರೂ ನೀರನ್ನು ಮರುಬಳಸುವ ತೊಟ್ಟಿಯಾದರೆ ಅಮೋನಿಯಾ ಅಳೆಯುವುದನ್ನು ಬಿಡಬೇಡಿ, ನೀರಿನ ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅದರ ವಿಷಕಾರಿ ರೂಪದ ಪಾಲು ಏರುತ್ತದೆ.

ಹಂತ 6: ವಾರಗಟ್ಟಲೆ ಇರಿಸುವುದಾದರೆ ಯಾವ ಉಗ್ರಾಣ ಬರಿದಾಗುತ್ತಿದೆ ಎಂದು ಅಳೆಯಿರಿ

ಹಸಿದ ಕಾಡ್ ಮೊದಲು ಯಕೃತ್ತಿನ ಕೊಬ್ಬನ್ನು ಬಳಸುತ್ತದೆ. ಅದು ತೀರುತ್ತಾ ಬಂದಂತೆ ಸ್ನಾಯುವಿನ ಪ್ರೋಟೀನನ್ನೇ ಒಡೆದು ಬದುಕುತ್ತದೆ. ಇಲ್ಲಿ ಒಂದು ಮೋಸವಿದೆ: ಪ್ರೋಟೀನ್ ಖಾಲಿಯಾದ ಜಾಗವನ್ನು ನೀರು ತುಂಬುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕಾಡ್‌ನ ಮಾಂಸದಲ್ಲಿ ನೀರು ಸುಮಾರು 80 ಶೇಕಡಾ. ದೀರ್ಘಕಾಲ ಹಸಿದ ಮೀನಿನಲ್ಲಿ ಈ ಪ್ರಮಾಣ ಏರುತ್ತಾ ಹೋಗುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದ ಟೊರಿ ಸಂಶೋಧನಾ ಕೇಂದ್ರದ ಕೆಲಸ ದಶಕಗಳ ಹಿಂದೆಯೇ ತೋರಿಸಿತ್ತು. ನೀರು 84 ಶೇಕಡಾ ಆಯಿತೆಂದರೆ ‘ನಾಲ್ಕು ಅಂಶ ತಾನೆ’ ಎನಿಸಬಹುದು. ಲೆಕ್ಕ ಹಾಕಿ ನೋಡಿ: ಮೊದಲು 100 ಗ್ರಾಂ ಮಾಂಸದಲ್ಲಿ 20 ಗ್ರಾಂ ಘನಪದಾರ್ಥವಿತ್ತು, ಈಗ 16 ಗ್ರಾಂ ಇದೆ. ಐದರಲ್ಲಿ ಒಂದು ಭಾಗ ಮಾಂಸ ಹೋಗಿದೆ, ತಕ್ಕಡಿ ಮಾತ್ರ ಅದನ್ನು ಹೇಳುವುದಿಲ್ಲ.

ಇದನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಬೆನ್ನಿನ ಬಿಳಿ ಮಾಂಸದಿಂದ 10 ಗ್ರಾಂ ತೆಗೆದು, ಸಣ್ಣಗೆ ಕೊಚ್ಚಿ, ತೂಕ ನೋಡಿದ ತಟ್ಟೆಯಲ್ಲಿ ತೆಳ್ಳಗೆ ಹರಡಿ, 105 ಡಿಗ್ರಿಯ ಒಲೆಯಲ್ಲಿ ಇಡೀ ರಾತ್ರಿ ಒಣಗಿಸಿ. ಬೆಳಿಗ್ಗೆ ತಟ್ಟೆಯಲ್ಲಿ ಉಳಿದ ಗರಿಗರಿಯಾದ ಹಳದಿ ಪುಡಿ 2 ಗ್ರಾಂ ತೂಗಿದರೆ ಮೀನು ಚೆನ್ನಾಗಿದೆ. 1.6 ಗ್ರಾಂ ತೂಗಿದರೆ ನೀವು ಮೇಲಿನ ಲೆಕ್ಕದ ಮೀನನ್ನೇ ಕೈಯಲ್ಲಿ ಹಿಡಿದಿದ್ದೀರಿ.

ಜೀವಂತ ಮೀನನ್ನು ಕೊಲ್ಲದೆ ಅಂದಾಜಿಸಲು ಮೈಕಟ್ಟಿನ ಸೂಚ್ಯಂಕವಿದೆ: ಗ್ರಾಂನಲ್ಲಿರುವ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿರುವ ಉದ್ದದ ಘನದಿಂದ ಭಾಗಿಸಬೇಕು. 60 ಸೆಂಟಿಮೀಟರ್ ಉದ್ದದ, 2160 ಗ್ರಾಂ ತೂಕದ ಮೀನಿನ ಸೂಚ್ಯಂಕ 1.0. ಅದೇ ಉದ್ದದ ಮೀನು 1840 ಗ್ರಾಂಗೆ ಇಳಿದರೆ 0.85. ಆದರೆ ಮೊದಲ ದಿನದ ತೂಕದಲ್ಲಿ ಹೊಟ್ಟೆಯೊಳಗಿನ ಊಟವೂ ಸೇರಿರುತ್ತದೆ. ಅದು ಬರಿದಾದದ್ದನ್ನು ಮೀನು ಸೊರಗಿತು ಎಂದು ಓದಿಕೊಳ್ಳದಿರಲು, ಕರುಳು ಖಾಲಿಯಾದ ದಿನದ ತೂಕವನ್ನೇ ಆರಂಭದ ತೂಕವೆಂದು ಹಿಡಿಯಿರಿ. ಮಾದರಿಗಾಗಿ ಕೊಯ್ದ ಮೀನುಗಳ ಯಕೃತ್ತನ್ನು ತೂಗಿ, ದೇಹದ ತೂಕದ ಎಷ್ಟು ಶೇಕಡಾ ಎಂದು ಬರೆದಿಡಿ. 2500 ಗ್ರಾಂ ಮೀನಿನಲ್ಲಿ 125 ಗ್ರಾಂ ಯಕೃತ್ತಿದ್ದರೆ 5 ಶೇಕಡಾ. ವಾರದಿಂದ ವಾರಕ್ಕೆ ಈ ಅಂಕಿ ಇಳಿಯುವುದು ಸಹಜ. ಕೆನೆಬಣ್ಣದ ಮೆತ್ತನೆಯ ಯಕೃತ್ತು ಕುಗ್ಗಿ, ಕೆಂಪಗೆ ಕಂದಾಗಿ ಕಾಣತೊಡಗಿದರೆ ಮುಂದಿನ ಸರದಿ ಮಾಂಸದ್ದು ಎಂದೇ ತಿಳಿಯಿರಿ.

ಪಿಎಚ್ ಕಥೆ ಇನ್ನೂ ಸ್ವಾರಸ್ಯಕರ. ಮೀನು ಸತ್ತ ಮೇಲೆ ಸ್ನಾಯುವಿನ ಗ್ಲೈಕೋಜೆನ್ ಲ್ಯಾಕ್ಟಿಕ್ ಆಮ್ಲವಾಗಿ ಪಿಎಚ್ ಇಳಿಯುತ್ತದೆ. ಹೊಟ್ಟೆತುಂಬ ಮೇಯುತ್ತಿದ್ದ ಮೀನಿನಲ್ಲಿ ಗ್ಲೈಕೋಜೆನ್ ಹೆಚ್ಚಿರುವುದರಿಂದ ಪಿಎಚ್ ತುಂಬ ಕೆಳಗಿಳಿದು, ಮಾಂಸ ಬೆಂದಾಗ ನಾರಾಗುತ್ತದೆ, ಹಸಿ ಹೋಳಿನಲ್ಲಿ ಬಿರುಕು ಬಿಡುತ್ತದೆ. ಅಲ್ಪಕಾಲದ ಉಪವಾಸ ಇದನ್ನು ಸ್ವಲ್ಪ ತಗ್ಗಿಸುವುದರಿಂದ ಬಿರುಕು ಕಡಿಮೆಯಾಗುತ್ತದೆ. ಆದರೆ ಉಪವಾಸ ಬಹಳ ಕಾಲ ಮುಂದುವರಿದರೆ ಗ್ಲೈಕೋಜೆನ್ ತೀರಾ ಕಡಿಮೆಯಾಗಿ, ಸತ್ತ ಮೇಲೂ ಪಿಎಚ್ 7ರ ಹತ್ತಿರವೇ ನಿಲ್ಲುತ್ತದೆ. ಅಂಥ ಮಾಂಸ ಬಿರುಕು ಬಿಡುವುದಿಲ್ಲ, ನೀರನ್ನೂ ಬಿಗಿಯಾಗಿ ಹಿಡಿದಿರುತ್ತದೆ, ಹೊಳಪಾಗಿಯೂ ಕಾಣುತ್ತದೆ. ಅದನ್ನು ನೋಡಿ ಒಳ್ಳೆಯ ಮಾಲು ಎಂದುಕೊಂಡವರು ಅನೇಕರು. ಬೇಯಿಸಿದಾಗ ಅದು ಮೆತ್ತಗೆ, ಸಪ್ಪೆಯಾಗಿರುತ್ತದೆ. ಮಂಜುಗಡ್ಡೆಯಲ್ಲಿ ಇಟ್ಟಾಗ ಬೇಗ ಹಳಸುತ್ತದೆ, ಏಕೆಂದರೆ ಮೀನನ್ನು ಕೊಳೆಸುವ ಶೆವನೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ಆಮ್ಲ ಕಡಿಮೆಯಿರುವ ಮಾಂಸವೇ ಹಿತ. ಬಿರುಕಿಲ್ಲದ್ದನ್ನು, ನೀರು ಒಸರದ್ದನ್ನು ಮಾತ್ರ ನೋಡಿ ಗುಣಮಟ್ಟ ತೀರ್ಮಾನಿಸಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇದರ ನಡುವೆ ಹಸಿವು ಮೀನಿನ ನಡತೆಯನ್ನೂ ಬದಲಿಸುತ್ತದೆ. ದೊಡ್ಡವು ಚಿಕ್ಕವುಗಳ ರೆಕ್ಕೆ, ಬಾಲ ಕಚ್ಚುತ್ತವೆ, ನುಂಗಲು ಸಾಧ್ಯವಾದರೆ ನುಂಗುತ್ತವೆ. ಆದ್ದರಿಂದ ವಿಶ್ರಾಂತಿಯ ಹಂತ ಮುಗಿದ ಕೂಡಲೇ ಗಾತ್ರವಾರು ಬೇರ್ಪಡಿಸಿ. ಇರಿಸಿಕೊಳ್ಳುವ ಅವಧಿಯ ಬಗ್ಗೆ ನಾರ್ವೆಯ ನಿಯಮ ಒಂದು ಒಳ್ಳೆಯ ಅಳತೆಗೋಲು: ಅಲ್ಲಿ ಹಿಡಿದ ಕಾಡ್ ಅನ್ನು ನಾಲ್ಕು ವಾರಗಳಿಗಿಂತ ಹೆಚ್ಚು ಇರಿಸುವುದಾದರೆ ಆಹಾರ ಕೊಡಬೇಕು, 12 ವಾರ ಮೀರಿದರೆ ಅದು ಮೀನುಸಾಕಣೆ ಎಂದೇ ಪರಿಗಣಿತವಾಗುತ್ತದೆ. ಇದು ತಣ್ಣೀರಿನ, ಯಕೃತ್ತಿನಲ್ಲಿ ದಾಸ್ತಾನು ಇರುವ, ಗಟ್ಟಿಮುಟ್ಟಾದ ಮೀನಿಗೆ ಹಾಕಿದ ಮಿತಿ ಎಂಬುದನ್ನು ಮರೆಯಬೇಡಿ. ಬೆಚ್ಚಗಿನ ನೀರಿನ ಚುರುಕು ಮೀನಿಗೆ ನಾಲ್ಕು ವಾರ ಎಂಬುದು ಬಹಳ ದೀರ್ಘ. ಮೊಟ್ಟೆಯಿಟ್ಟು ಸೊರಗಿದ ಮೀನಿಗಂತೂ ಈ ಲೆಕ್ಕವೇ ಸಲ್ಲದು, ಅದು ಬಲೆಗೆ ಬೀಳುವ ಮೊದಲೇ ತನ್ನ ದಾಸ್ತಾನು ಮುಗಿಸಿಕೊಂಡಿರುತ್ತದೆ.

ಉಪವಾಸದಿಂದ ಆಗದ ಕೆಲಸಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಾಂಸದಲ್ಲಿ ಹೊಕ್ಕಿರುವ ಅನಿಸಾಕಿಸ್ ಹುಳುವಿನ ಮರಿಗಳು ಹಸಿವಿನಿಂದ ಸಾಯುವುದಿಲ್ಲ. ಹಸಿಯಾಗಿ ತಿನ್ನುವ ಮೀನಿಗೆ ಯುರೋಪಿನ ನಿಯಮ ಕೇಳುವ ಹಾಗೆ, ಒಳಭಾಗದವರೆಗೂ ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಹೆಪ್ಪುಗಟ್ಟಿಸುವುದು ಬೇಕೇ ಬೇಕು. ಹವಳದ ದಿಬ್ಬಗಳ ಕೆಲವು ಮೀನುಗಳಲ್ಲಿರುವ ಸಿಗ್ವಾಟೆರಾ ವಿಷವನ್ನು ತೊಟ್ಟಿಯ ಉಪವಾಸ ತೆಗೆಯುತ್ತದೆ ಎಂದು ನಂಬುವುದು ಅಪಾಯಕಾರಿ.

ಹಂತ 7: ಕೊನೆಯ ಅರ್ಧ ಗಂಟೆ

ಒಂದು ದಿನ ಅಥವಾ ಒಂದು ತಿಂಗಳು ಕಾದು ಗಳಿಸಿದ್ದನ್ನು ಕೊಲ್ಲುವ ಮೊದಲಿನ ಹತ್ತು ನಿಮಿಷಗಳ ಗದ್ದಲ ಅಳಿಸಿಹಾಕಬಲ್ಲದು. ಪಂಜರದ ಬಲೆಯನ್ನು ಒಮ್ಮೆಗೇ ಎತ್ತಿ ಮೀನುಗಳನ್ನು ಒತ್ತರಿಸಿದರೆ ಅವು ಮತ್ತೆ ಒದ್ದಾಡಿ, ಮತ್ತೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು, ಮೊದಲ ದಿನದ ಸ್ಥಿತಿಗೇ ಮರಳುತ್ತವೆ. ವಾರಗಟ್ಟಲೆ ಹಸಿದ ಮೀನಿಗೆ ಹಾಗೆ ಕಳೆದುಕೊಂಡದ್ದನ್ನು ಮರಳಿ ಪಡೆಯುವ ಶಕ್ತಿಯೂ ಕಡಿಮೆ. ಕೊಯ್ಯುವ ಮೇಜಿನವರು ಎಷ್ಟು ನಿಭಾಯಿಸಬಲ್ಲರೋ ಅಷ್ಟನ್ನೇ ಸಣ್ಣ ಸಣ್ಣ ಗುಂಪಾಗಿ ಬೇರ್ಪಡಿಸಿ. ಮೇಲ್ಮೈಯಲ್ಲಿ ನೀರು ಕುದಿಯುವಂತೆ ಬಾಲಗಳು ಬಡಿಯುತ್ತಿದ್ದರೆ ಬಲೆ ಸಡಿಲಿಸಿ, ಶಾಂತವಾಗುವವರೆಗೆ ಕಾಯಿರಿ.

ಪ್ರತಿ ಮೀನನ್ನೂ ತಲೆಗೆ ಬಲವಾದ ಒಂದೇ ಪೆಟ್ಟಿನಿಂದ ಅಥವಾ ಸರಿಯಾಗಿ ಹೊಂದಿಸಿದ ವಿದ್ಯುತ್ ಸಾಧನದಿಂದ ಪ್ರಜ್ಞೆ ತಪ್ಪಿಸಿ. ಕಣ್ಣಗುಡ್ಡೆ ಹೊರಳುವುದು, ಕಿವಿರಿನ ಮುಚ್ಚಳ ಆಡುವುದು ನಿಂತಿದೆಯೇ ನೋಡಿ. ಗಾಳಿಯಲ್ಲಿ ಬಿಟ್ಟು ಉಸಿರುಗಟ್ಟಿಸುವುದು ಕ್ರೂರವೂ ಹೌದು, ಮಾಂಸಕ್ಕೆ ಕೇಡೂ ಹೌದು. ಪ್ರಜ್ಞೆ ತಪ್ಪಿದ ಕೂಡಲೇ ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಕತ್ತರಿಸಿ, ಹರಿಯುವ ತಣ್ಣನೆಯ ಶುದ್ಧ ನೀರಿನಲ್ಲಿ ಸುಮಾರು ಅರ್ಧ ಗಂಟೆ ರಕ್ತ ಬಸಿಯಲು ಬಿಡಿ. ಕೊಯ್ತ ತಡವಾದಷ್ಟೂ ರಕ್ತ ಹೆಪ್ಪುಗಟ್ಟಿ ಒಳಗೇ ಉಳಿಯುತ್ತದೆ. ನೀರು ಕೆಂಪಾಗಿಯೇ ನಿಂತಿದ್ದರೆ ಹರಿವು ಸಾಲದು ಎಂದರ್ಥ. ನಂತರ ಹೊಟ್ಟೆ ಸ್ವಚ್ಛಗೊಳಿಸಿ ಕರಗುವ ಮಂಜುಗಡ್ಡೆಯಲ್ಲಿ, ಮೇಲೆ ಕೆಳಗೆ ಎರಡೂ ಕಡೆ ಮುಚ್ಚುವಂತೆ ಇಡಿ.

ಚೆನ್ನಾಗಿ ವಿಶ್ರಾಂತಿ ಪಡೆದ ಮೀನಿನ ನಿಜವಾದ ಬೋನಸ್ಸು ಈಗ ಸಿಗುತ್ತದೆ: ಮಂಜುಗಡ್ಡೆಯಲ್ಲಿಟ್ಟ ಅಂಥ ಮೀನಿಗೆ ಸೆಡೆತ ಬರಲು ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚು ಹಿಡಿಯಬಹುದು, ಆ ಅವಧಿಯಲ್ಲಿ ಮುಳ್ಳು ಬಿಡಿಸಿ ಹೋಳು ಮಾಡಬಹುದು. ಗಂಟೆಗೊಮ್ಮೆ ಒಂದು ಮೀನನ್ನು ಮೇಜಿನ ಅಂಚಿನಲ್ಲಿ, ಅರ್ಧ ದೇಹ ಹೊರಗೆ ಚಾಚುವಂತೆ ಇಟ್ಟು ನೋಡಿ. ಬಾಲ ಜೋತು ಬಿದ್ದರೆ ಇನ್ನೂ ಸಮಯವಿದೆ, ಹಲಗೆಯಂತೆ ನೇರವಾಗಿ ನಿಂತರೆ ಕತ್ತಿ ಕೆಳಗಿಡಿ. ಸೆಡೆತ ಬಂದ ಮೀನನ್ನು ಬಾಗಿಸಿ, ಎಳೆದು ಕೊಯ್ದರೆ ಅಲ್ಲಿಯವರೆಗೆ ಕಾಪಾಡಿಕೊಂಡು ಬಂದ ಮಾಂಸ ಮೇಜಿನ ಮೇಲೆಯೇ ಹರಿಯುತ್ತದೆ. ಸೆಡೆತ ಬರುವ ಮೊದಲೇ ಕೊಯ್ದ ಹೋಳು ಮೂಳೆಯ ಆಧಾರವಿಲ್ಲದೆ ಮುಂದಿನ ಗಂಟೆಗಳಲ್ಲಿ ಉದ್ದದಲ್ಲಿ ಕುಗ್ಗಿ ದಪ್ಪವಾಗುತ್ತದೆ. ಗಿರಾಕಿಗೆ ನಿಗದಿತ ಉದ್ದದ ಹೋಳು ಕೊಡಬೇಕಾಗಿದ್ದರೆ ಕುಗ್ಗುವಷ್ಟನ್ನು ಮೊದಲೇ ಹೆಚ್ಚಿಗೆ ಬಿಟ್ಟು ಕೊಯ್ಯಿರಿ.